ಹೆಣ್ಣೊಪ್ಪಿಸುವ ಪದ ಮುಗಿಯುವವರೆಗೆ

ಸಿದ್ದರಾಜು ಆ ದಿನ ತಡವಾಗಿ ಬರಲಿಲ್ಲ. ಬೆಳಿಗ್ಗೆಯೇ ಬಂದಿದ್ದ, ಹೇಳಬೇಕಾದ್ದನ್ನು ಹೇಳಿಯೇ ಹೋಗಿದ್ದ. ತಡ ಮಾಡಿದವಳು ನಾನು. ಹುಣಸೂರಿನ ಆಸ್ಪತ್ರೆಯಲ್ಲಿ ಅವನ ಅಣ್ಣ ನಿಂಗರಾಜು ಹೆಂಡತಿಯ ದಾರಿ ನೋಡುತ್ತ ಮಲಗಿದ್ದಾಗ, ಆ ಹೆಂಡತಿಯನ್ನು ಇಳಿಹೊತ್ತಿನವರೆಗೆ ನನ್ನ ಪಕ್ಕದಲ್ಲೇ ಕೂರಿಸಿಕೊಂಡು ಸೋಬಾನೆ ಹಾಡಿಸಿದವಳು ನಾನು. ಗೊತ್ತಿದ್ದೂ ಹಾಡಿಸಿದೆ. ಹೀಗೆ ಒಂದೇ ಉಸಿರಿಗೆ ಹೇಳಿದರೆ ಇಷ್ಟೇ. ಆದರೆ ಈ ಇಷ್ಟನ್ನು ಹೊಟ್ಟೆಯೊಳಗಿಟ್ಟುಕೊಂಡು ಎಷ್ಟು ಕಾಲ ಬದುಕಿದೆ ಅಂದರೆ — ಅವತ್ತು ಅಪ್ಪನನ್ನು ಕಳೆದುಕೊಂಡ ಪುಟ್ಟ ಮಗು ಬೆಳೆದು ಮದುವಣಗಿತ್ತಿಯಾಗುವಷ್ಟು ಕಾಲ.

ನಾನು ಕೆಂಪಮ್ಮ. ಹುಣಸೂರು, ಪಿರಿಯಾಪಟ್ಟಣದ ಕಡೆ ಸೋಬಾನೆ ಪದ ಅಂದರೆ ನನ್ನನ್ನು ಕರೆಯುತ್ತಾರೆ. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲೇ, ಯಾರಿಗೂ ಹೆದರಿದವಳಲ್ಲ. ‘ಕೆಂಪಮ್ಮಂಗೆ ನಾಲ್ಗೆ ಮ್ಯಾಲೆ ಏನೂ ನಿಲ್ಲಲ್ಲ ಕಣ’ ಅಂತ ಊರಿಗೆ ಊರೇ ಆಡಿಕೊಳ್ಳುತ್ತದೆ. ಕೇಳಿದಾಗೆಲ್ಲ ನನ್ನೊಳಗೆ ಏನಾಗುತ್ತಿತ್ತು ಅಂತ ಅವರಿಗೇನು ಗೊತ್ತು.

ನಮ್ಮ ಕಡೆಯ ಪದ ಒಬ್ಬಳ ಸೊತ್ತಲ್ಲ. ಇಬ್ಬರು ಬೇಕು. ಒಬ್ಬಳು ಸೊಲ್ಲು ಎತ್ತುತ್ತಾಳೆ — ಸೊಲ್ಲು ಅಂದರೆ ಪದದ ಒಂದು ಸಾಲು — ಅವಳ ಉಸಿರು ಮುಗಿಯುವ ಮೊದಲೇ ಇನ್ನೊಬ್ಬಳು ಅದನ್ನು ತೆಗೆದುಕೊಳ್ಳಬೇಕು. ನಡುವೆ ಕೂದಲೆಳೆಯಷ್ಟೂ ಸಂದು ಬರಕೂಡದು. ಬಂದರೆ ‘ಸೊಲ್ಲು ನೆಲಕ್ಕೆ ಬಿತ್ತು’ ಅನ್ನುತ್ತಾರೆ. ಮದುವೆ ಮನೆಯಲ್ಲಿ ಎತ್ತಿದ ಸೊಲ್ಲು ನೆಲಕ್ಕೆ ಬಿದ್ದರೆ ಮದುಮಗಳಿಗೆ ಏಳಿಗೆಯಲ್ಲ ಎಂಬ ನಂಬಿಕೆ. ಚಿಕ್ಕಂದಿನಲ್ಲಿ ನನ್ನ ಅವ್ವ, ಚಿಕ್ಕವ್ವ ಒಂದೇ ಬೀಸುಕಲ್ಲಿನ ಎದುರುಬದುರು ಕೂತು ರಾಗಿ ಬೀಸುತ್ತ ಹಾಡುವಾಗ ನಾನು ಅವ್ವನ ಬೆನ್ನಿಗೆ ಕಿವಿ ಒತ್ತಿ ಕೂರುತ್ತಿದ್ದೆ. ಅವ್ವ ಬಾಯಿ ಮುಚ್ಚಿದ್ದಾಳೆ, ಆದರೂ ಅವಳ ಬೆನ್ನೊಳಗೆ ಪದ ನಡೆಯುತ್ತಲೇ ಇದೆ! ಚಿಕ್ಕವ್ವನ ಸೊಲ್ಲು ಅವ್ವನ ಮೈಯೊಳಗೆ ಹೇಗೆ ಬಂತು ಅಂತ ನನಗೆ ದಿಗ್ಭ್ರಮೆ. ಅವತ್ತು ಹಿಡಿದ ಹುಚ್ಚು ಇದು. ಇವತ್ತಿಗೂ ಬಿಟ್ಟಿಲ್ಲ.

ಮದುವೆಯಾಗಿ ಈ ಊರಿಗೆ ಬಂದ ಮೇಲೆ ನನಗೆ ಸರಿಯಾದ ಜೊತೆ ಸಿಗಲಿಲ್ಲ. ಎತ್ತಿಕೊಳ್ಳುವವರು ಇದ್ದರು, ಆದರೆ ಒಬ್ಬಳು ಎಳೆಯುತ್ತಿದ್ದಳು, ಇನ್ನೊಬ್ಬಳು ಓಡುತ್ತಿದ್ದಳು. ನಾನು ಬೈಯುತ್ತಿದ್ದೆ, ಅವರು ಮುನಿಸಿಕೊಳ್ಳುತ್ತಿದ್ದರು. ಆಮೇಲೆ ಒಂದು ವರ್ಷ, ಹೊಗೆಸೊಪ್ಪಿನ ಕಾಲದಲ್ಲಿ, ನಿಂಗರಾಜು ಮದುವೆ ಮಾಡಿಕೊಂಡು ಬಂದ. ವೀರನಹೊಸಹಳ್ಳಿ ಕಡೆಯ ಹುಡುಗಿ, ಕಾಡಂಚಿನವಳು, ಹೆಸರು ಪುಟ್ಟತಾಯಿ. ನೋಡಿದರೆ ಸಣಕಲಿ, ಮಾತೇ ಇಲ್ಲ.

ನಮ್ಮ ಕಡೆ ಹೊಗೆಸೊಪ್ಪನ್ನು ಮುರಿದು ತಂದ ದಿನವೇ ಕಡ್ಡಿಗೆ ಕಟ್ಟಿ, ಬ್ಯಾರನ್ನು ಅನ್ನುವ ಎತ್ತರದ ಗೂಡುಮನೆಯೊಳಗೆ ಅಟ್ಟ ಅಟ್ಟವಾಗಿ ತೂಗುಹಾಕಿ, ಕೆಳಗಿನಿಂದ ಬೆಂಕಿ ಕೊಟ್ಟು ಬೇಯಿಸಬೇಕು. ಕಡ್ಡಿ ಕಟ್ಟುವುದು ಹೆಂಗಸರ ಕೆಲಸ. ಕೈಯೆಲ್ಲ ಅಂಟು, ಸೊಂಟ ಬಿದ್ದುಹೋಗುತ್ತದೆ; ಹಾಡದಿದ್ದರೆ ಆ ಹೊತ್ತು ಕಳೆಯುವುದಿಲ್ಲ. ಅವತ್ತು ನಾನು ಯಾರ ಮುಖವನ್ನೂ ನೋಡದೆ ಸುಮ್ಮನೆ ಒಂದು ಸೊಲ್ಲು ಎತ್ತಿದೆ. ನನ್ನ ಉಸಿರು ಇಳಿಯುತ್ತಿದ್ದ ಹಾಗೇ ಪಕ್ಕದಿಂದ ಒಂದು ದನಿ ಅದರ ಕೆಳಗೆ ಕೈಯಿಟ್ಟು ಎತ್ತಿಕೊಂಡಿತು. ಎಳೆಯಲಿಲ್ಲ, ಓಡಲಿಲ್ಲ. ನಾನು ತಿರುಗಿದೆ. ಹೊಸ ಹುಡುಗಿ ತಲೆ ತಗ್ಗಿಸಿ ಸೊಪ್ಪು ಕಟ್ಟುತ್ತಲೇ ಇದ್ದಾಳೆ.

ಮತ್ತೆ ಎತ್ತಿದೆ, ಬೇಕೆಂದೇ ಸ್ವಲ್ಪ ಏರಿಸಿ. ಎತ್ತಿಕೊಂಡಳು. ಆಗ ನಡೆದದ್ದನ್ನು ಹೇಗೆ ಹೇಳಲಿ — ನನ್ನ ಸೊಲ್ಲಿನ ಬಾಲಕ್ಕೂ ಅವಳ ಸೊಲ್ಲಿನ ತಲೆಗೂ ನಡುವೆ, ಇಬ್ಬರ ದನಿಯೂ ಒಟ್ಟಿಗಿರುವ ಆ ಕ್ಷಣದಲ್ಲಿ, ನಮ್ಮಿಬ್ಬರ ತಲೆಯ ಮೇಲೆ ಮೂರನೆಯ ದನಿಯೊಂದು ಕೇಳಿತು. ಸತ್ಯವಾಗಿ ಕೇಳಿತು. ಅದು ನನ್ನದಲ್ಲ, ಅವಳದೂ ಅಲ್ಲ. ನಾವಿಬ್ಬರೂ ಕೂಡಿದಾಗ ಮಾತ್ರ ಬಂದು, ಬಿಟ್ಟ ಕೂಡಲೇ ಹೋಗುವಂಥದ್ದು. ಕೈಲಿದ್ದ ಕಡ್ಡಿ ಹಾಗೇ ಹಿಡಿದು ಕೂತುಬಿಟ್ಟೆ. ಶೆಡ್ಡಿನ ಹೆಂಗಸರೆಲ್ಲ ಕಟ್ಟುವುದು ನಿಲ್ಲಿಸಿ ಮೇಲೆ ನೋಡುತ್ತಿದ್ದರು.

“ಯಾರೇ ನಿಂಗೆ ಕಲ್ಸುದ್ದು?” ಅಂದೆ.

“ಯಾರೂ ಇಲ್ಲ ಕಣಕ್ಕ. ನೀ ಬುಟ್ಟೆ, ನಾ ಇಡ್ಕಂಡೆ,” ಅಂದಳು.

ಇಷ್ಟೇ ಅವಳ ವಿದ್ಯೆ. ಆಮೇಲೆ ನಾವಿಬ್ಬರೂ ಸೇರಿ ಹಾಡದ ಮದುವೆ ಈ ಸೀಮೆಯಲ್ಲಿ ಯಾವುದು ಅಂತ ಕೇಳಬೇಕು. ಇತ್ತ ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆಯಿಂದ, ಅತ್ತ ಎಚ್.ಡಿ. ಕೋಟೆಯಿಂದ ಎಲ್ಲ ಎಲೆ ಅಡಿಕೆ ಇಟ್ಟು ಕರೆಯುತ್ತಿದ್ದರು. ಬಸ್ಸಿನಲ್ಲಿ ಕೂತರೆ ಕಂಡಕ್ಟರು, “ಎರಡು ಟಿಕೆಟ್, ಒಂದು ಗಂಟ್ಲಾ?” ಅಂತ ರೇಗಿಸುತ್ತಿದ್ದ. ನಿಂಗರಾಜು ಒಳ್ಳೆಯವನು. ಹೆಂಡತಿಯನ್ನು ನನ್ನ ಜೊತೆ ಕಳಿಸುವಾಗ ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. “ಕೆಂಪಕ್ಕ, ಜೋಪಾನ ಕಣಕ್ಕ,” ಅನ್ನುತ್ತಿದ್ದ, ಅಷ್ಟೇ.

ಇರಲಿ. ಆ ದಿನಕ್ಕೆ ಬರುತ್ತೇನೆ.

ಶ್ರಾವಣ. ಕಟ್ಟೆಮಳಲವಾಡಿಯಲ್ಲಿ ಮದುವೆ. ನಮ್ಮನ್ನು ಹಿಂದಿನ ದಿನವೇ ಕರೆಸಿಕೊಂಡಿದ್ದರು. ಊರಿನಲ್ಲಿ ಬ್ಯಾರನ್ನಿನೊಳಗೆ ಸೊಪ್ಪು ಬೇಯುತ್ತಿತ್ತು, ಹಾಗಾಗಿ ನಿಂಗರಾಜು ಬಂದಿರಲಿಲ್ಲ. ಮಗಳು ಮಂಜುಳ ಅಪ್ಪನ ಜೊತೆಗೇ ಉಳಿದಿದ್ದಳು. ಬೆಳಿಗ್ಗೆ ಪುಟ್ಟತಾಯಿ ಒಳಗೆ ಮದುಮಗಳಿಗೆ ಎಣ್ಣೆ ಅರಿಶಿನ ಹಚ್ಚುವ ಹೆಂಗಸರ ನಡುವೆ ಇದ್ದಳು. ನಾನು ಹಿತ್ತಿಲಿಗೆ ಬಂದು ನೀರಿನ ತೊಟ್ಟಿಯ ಹತ್ತಿರ ಬಾಯಿ ಮುಕ್ಕಳಿಸುತ್ತಿದ್ದೆ. ಹುಲ್ಲಿನ ಮೆದೆಯ ಪಕ್ಕ ಒಂದು ಮೊಪೆಡ್ ನಿಂತಿತು. ಸಿದ್ದರಾಜು. ಅಂಗಿಯ ಮೇಲೆ ರಕ್ತ.

ಅಣ್ಣ ಬ್ಯಾರನ್ನಿನ ಮೇಲಿನ ಅಟ್ಟದಿಂದ ಕಡ್ಡಿ ಇಳಿಸುವಾಗ ಕಾಲು ಜಾರಿದ್ದಾನೆ. ಕೆಳಗಿನ ಕಬ್ಬಿಣದ ಕೊಳವೆಯ ಮೇಲೆ ಬಿದ್ದಿದ್ದಾನೆ. ಟ್ರಾಕ್ಟರಿನಲ್ಲಿ ಹಾಕಿಕೊಂಡು ಹುಣಸೂರಿಗೆ ತಂದಿದ್ದಾರೆ. “ಡಾಕ್ಟ್ರು ಕೈ ಚೆಲ್ಬುಟ್ರು ಕಣಕ್ಕ. ಮೈಸೂರ್ಗೂ ಸಾಗ್ಸಂಗಿಲ್ಲ ಅಂತಾರೆ. ಅತ್ಗೆ ಎಸ್ರೇ ಏಳ್ತಾವ್ನೆ — ಕಣ್ಣು ಬಾಕ್ಲ ಕಡೇಗೇ ಮಡಿಕಂಡವ್ನೆ. ಅತ್ಗೆ ಮುಂದೆ ನಿಂತ್ಕಂಡು ಏಳಕ್ಕೆ ನನ್ ಕೈಲಾಗಲ್ಲ. ನೀನೇ ಏಳಕ್ಕ. ಯಾರ್ದಾರ ಗಾಡೀಲಿ ಜಲ್ದಿ ಕಳ್ಸು, ಅಲ್ಲಿ ಅವ್ನ ತಾವ ಯಾರೂ ಇಲ್ಲ, ನಾ ಓಗ್ಬೇಕು.”

“ನಾ ಏಳ್ತೀನಿ ಬುಡು. ನೀ ಓಗು,” ಅಂದೆ.

ಅವನು ಹೋದ. ಯಾರೂ ನೋಡಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ನನಗೇ ಅರ್ಥವಾಗುವ ಹಾಗೆ ಹೇಳಲು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ. ತಿರುಗಿ ಮನೆಯ ಕಡೆ ನಡೆದೆ. ಹೇಳಬೇಕೆಂದೇ ನಡೆದೆ. ಹಿತ್ತಿಲ ಬಾಗಿಲಿನಲ್ಲಿ ಕಾಲಿಟ್ಟಾಗ ಒಳಗಿನಿಂದ ಪುಟ್ಟತಾಯಿ ನಗುವುದು ಕೇಳಿತು — ಯಾರೋ ಮದುಮಗಳನ್ನು ಕೀಟಲೆ ಮಾಡಿದ್ದರು. ಆಗ ತಲೆಯೊಳಗೆ ಒಂದು ಯೋಚನೆ ಬಂತು. ಇವಳು ಆ ಆಸ್ಪತ್ರೆಗೆ ಹೋಗಿ ಬಂದಳೆಂದರೆ ಇನ್ನು ಯಾವತ್ತೂ ಮದುವೆ ಚಪ್ಪರದಲ್ಲಿ ಕೂರುವಂತಿಲ್ಲ. ಸೋಬಾನೆಗೆ ಮುತ್ತೈದೆಯರೇ ಆಗಬೇಕು. ಗಂಡ ಸತ್ತವಳ ಬಾಯಲ್ಲಿ ಮದುವೆಯ ಸೊಲ್ಲು ಯಾರೂ ಕೇಳುವುದಿಲ್ಲ. ಇವತ್ತಿಗೆ ಮುಗಿಯಿತು. ನಿಂಗರಾಜು ಮುಗಿದ ಅಂತ ಅಲ್ಲ ನನಗೆ ಅನ್ನಿಸಿದ್ದು. ಪದ ಮುಗಿಯಿತು, ಅಂತ! ಥೂ. ಒಬ್ಬ ಒಳ್ಳೆಯ ಗಂಡಸು ಸಾಯುತ್ತಿರುವಾಗ ನನ್ನ ಹೊಟ್ಟೆ ಉರಿದದ್ದು ಮೂರನೆಯ ದನಿಗಾಗಿ.

ಇದೊಂದು ಪದ ಆಗಲಿ, ಅಂದುಕೊಂಡೆ. ಇದೊಂದು, ಆಮೇಲೆ ಹೇಳುತ್ತೇನೆ.

ಒಂದು ಆಯಿತು. ಅರಿಶಿನದ ಪದ ಮುಗಿದು ಎಲೆ ಅಡಿಕೆ ತಟ್ಟೆ ಬಂತು. ಹೇಳಬಹುದಿತ್ತು. ಧಾರೆಯ ಹೊತ್ತಿಗೆ ವಾದ್ಯದವರು ಊದುತ್ತಿದ್ದಾಗ ನಾವಿಬ್ಬರೂ ಸುಮ್ಮನೆ ಕೂತಿದ್ದೆವು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು. ಹೇಳಬಹುದಿತ್ತು. ಊಟಕ್ಕೆ ಪಂಕ್ತಿಯಲ್ಲಿ ಒಟ್ಟಿಗೆ ಕೂತೆವು. ಅವಳು ನನ್ನ ಮುಖ ನೋಡಿ, “ಯಾಕೆ ಕೆಂಪಕ್ಕ, ಇಂಗಿದ್ದೀಯ? ಊಟ ಸೇರಾಕಿಲ್ವಾ?” ಅಂದಳು. “ಗಂಟ್ಲು ಕಟ್ಕಂಡದೆ,” ಅಂದೆ. ಅವಳು ಎದ್ದುಹೋಗಿ ನನಗೆ ಬಿಸಿನೀರು ತಂದುಕೊಟ್ಟಳು. ಎತ್ತಿದ ಸೊಲ್ಲು ಬಿಡಬಾರದು ಅನ್ನುವ ಕಟ್ಟಳೆ ಇತ್ತಲ್ಲ ಅಂತ ಯಾರಾದರೂ ನನ್ನ ಪರವಾಗಿ ಹೇಳಬಹುದು. ಬೇಡ. ಪದ ಪದದ ನಡುವೆ ಬೇಕಾದಷ್ಟು ಹೊತ್ತಿತ್ತು. ಆ ಹೊತ್ತೆಲ್ಲ ನನಗೆ ಗೊತ್ತಿತ್ತು, ಹುಣಸೂರಿನಲ್ಲಿ ಒಂದು ಜೊತೆ ಕಣ್ಣು ಬಾಗಿಲಿನ ಮೇಲಿದೆ ಅಂತ.

ಕೊನೆಗೆ ಹೆಣ್ಣೊಪ್ಪಿಸುವ ಪದ. ಹೆಣ್ಣನ್ನು ಗಂಡಿನ ಮನೆಯವರ ಕೈಗೆ ಕೊಡುವಾಗ ಹಾಡುವಂಥದ್ದು. ಅದರಲ್ಲಿ ಪುಟ್ಟತಾಯಿ ತಾನೇ ಕಟ್ಟಿದ ಒಂದು ಸೊಲ್ಲು ಇತ್ತು:

ಜಗಲೀಲಿ ಆಡಿದೋಳ, ಜಡೆ ಹಾಕಿ ಬೆಳೆಸಿದೋಳ
ಕೈ ನೀಡಿ ತಕ್ಕೊಳ್ಳಿ ನಮ್ಮಗಳ

ಮೊದಲ ಸಾಲು ನಾನು ಎತ್ತಬೇಕು, ಎರಡನೆಯದು ಅವಳು. ಅವತ್ತು ಅವಳು ಹಾಡಿದ್ದು — ನಾನು ಏನೇನು ಕೇಳಿದ್ದೇನೆ ಈ ಜೀವದಲ್ಲಿ, ದೇವಸ್ಥಾನಗಳಲ್ಲಿ ಭಜನೆ, ರೇಡಿಯೋದಲ್ಲಿ ದೊಡ್ಡವರ ಸಂಗೀತ — ಅಂಥದ್ದನ್ನು ಮತ್ತೆ ಕೇಳಿಲ್ಲ. ಮೂರನೆಯ ದನಿ ಬಂದದ್ದೇ ಬಂದದ್ದು, ಹೋಗಲೇ ಇಲ್ಲ. ಸಾಲಿನ ಸಂದಿನಲ್ಲಿ ಮಾತ್ರ ಬರುತ್ತಿದ್ದದ್ದು ಅವತ್ತು ಚಪ್ಪರದ ತುಂಬ ನಿಂತುಬಿಟ್ಟಿತು. ಗಂಡಿನ ತಾಯಿ ಕೈ ನೀಡಿದವಳು ನೀಡಿದ ಹಾಗೇ ಅಳುತ್ತಿದ್ದಳು. ಗಂಡಸರು ಟವಲು ಬಾಯಿಗೆ ಒತ್ತಿಕೊಂಡಿದ್ದರು. ಅಡುಗೆಯವರು ಸೌಟು ಹಿಡಿದೇ ಬಂದು ನಿಂತಿದ್ದರು. ನನಗೆ ನೆಲ ಕಾಣಲಿಲ್ಲ. ಶಿವನೇ, ಇದು ಮನುಷ್ಯರ ಬಾಯಿಂದ ಬರುವಂಥದ್ದಲ್ಲ ಅಂದುಕೊಂಡೆ. ಅಷ್ಟು ದೊಡ್ಡದರ ಮಧ್ಯೆ ಅಷ್ಟು ನೀಚತನ ಇಟ್ಟುಕೊಂಡು ಕೂತಿದ್ದೆ ನಾನು. ಆ ಪದ ಮಾತ್ರ ನನ್ನನ್ನು ಹೊರಗೆ ತಳ್ಳಲಿಲ್ಲ. ಅದು ಇವತ್ತಿಗೂ ನನಗೆ ಸೋಜಿಗ. ಅಷ್ಟು ಚೆನ್ನಾಗಿ ಕೇಳಿಸಿದ್ದಕ್ಕೇ ನನಗೆ ಇವತ್ತಿಗೂ ಭಯ.

ಪದ ಮುಗಿದ ಮೇಲೆ ಅವಳ ತೋಳು ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದೆ. “ಪುಟ್ಟಿ, ಈಗ ಸಿದ್ದರಾಜ ಬಂದು ಏಳೋದ —” ಅಂದೆ.

ಜೀಪು ಸಿಕ್ಕಿತು. ಹುಣಸೂರು ಏನು ದೂರ? ನಾವು ಹೋದಾಗ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಮೈ ಇನ್ನೂ ಬೆಚ್ಚಗಿತ್ತು. ಕೊನೆಯವರೆಗೂ ಅವಳ ಹೆಸರು ಹೇಳುತ್ತಿದ್ದನಂತೆ ಅಂತ ನರ್ಸು ಹೇಳಿದಳು. ವರಾಂಡದಲ್ಲಿ ಸಿದ್ದರಾಜು ಕುಕ್ಕರುಗಾಲಿನಲ್ಲಿ ಕೂತಿದ್ದ. ಅವನು ಕುಡಿಯುತ್ತಿದ್ದ, ಊರಿಗೆಲ್ಲ ಗೊತ್ತು. ಅವತ್ತು ಅಣ್ಣ ಹೋದ ಮೇಲೆ ಹೊರಗೆ ಹೋಗಿ ಕುಡಿದು ಬಂದಿದ್ದ. ವಾಸನೆ ಬರುತ್ತಿತ್ತು. “ಯಾಕತ್ಗೆ ಇಷ್ಟೊತ್ತು? ನಾ ಬೆಳಿಗ್ಗೇನೆ ಏಳಿ ಬಂದಿದ್ನಲ್ಲ,” ಅಂದ.

ಪುಟ್ಟತಾಯಿ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಬಂಧುಬಳಗ ಎಲ್ಲ ಸುತ್ತ ನಿಂತಿದ್ದರು. “ಕೆಂಪಕ್ಕ, ಯಾವಾಗ ಬಂದಿದ್ದ ಇವ್ನು?”

“ಆವಾಗ್ಲೇ, ನಾ ನಿಂಗೇಳುದ್ನಲ್ಲ, ಆಗ್ಲೇ ಬಂದುದ್ದು,” ಅಂದೆ.

ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಮೊದಲನೆಯದನ್ನು ಹುಚ್ಚು ಅನ್ನಬಹುದು. ಇದನ್ನು ನಾನು ಬುದ್ಧಿ ನೆಟ್ಟಗಿದ್ದೇ ಹೇಳಿದೆ. ಸಿದ್ದರಾಜು ನನ್ನ ಮುಖ ನೋಡಿದ. ಬಾಯಿ ತೆರೆದ. ಸುತ್ತ ನಿಂತವರು ಅವನ ಬಾಯಿಯ ವಾಸನೆಗೆ ಮೂಗು ಮುಚ್ಚಿಕೊಂಡು, “ದಾರೀಲಿ ಸಾರಾಯಿ ಅಂಗ್ಡಿ ಸಿಕ್ತೇನ್ಲಾ?” ಅಂದರು. ಅಲ್ಲಿಗೆ ಮುಗಿಯಿತು. ಅಣ್ಣ ಸಾಯುತ್ತಿದ್ದರೆ ಕುಡಿಯಲು ನಿಂತವನು ಅಂತ ಅವನಿಗೆ ಹೆಸರಾಯಿತು. ಪುಟ್ಟತಾಯಿ ಅವನ ಜೊತೆ ಮಾತು ಬಿಟ್ಟಳು. ಒಂದೇ ಗೋಡೆಯ ಎರಡು ಮನೆ. ಅವನ ಮನೆಯ ನೀರು ಕೂಡ ಮುಟ್ಟಲಿಲ್ಲ. ಅವನು ಆ ವರ್ಷವೇ ಕುಡಿಯುವುದು ಬಿಟ್ಟ. ಬಿಟ್ಟರೂ ಯಾರೂ ನಂಬಲಿಲ್ಲ.

ನಾನೇನು ಮಾಡಿದೆ ಗೊತ್ತೇ? ಒಳ್ಳೆಯವಳಾದೆ. ಪುಟ್ಟತಾಯಿಯ ಹೊಲದ ಕೆಲಸಕ್ಕೆ ನನ್ನ ಗಂಡನನ್ನೂ ಕರೆದುಕೊಂಡು ನಿಂತೆ. ಮಂಜುಳನಿಗೆ ತಲೆ ಬಾಚಿ ಸ್ಕೂಲಿಗೆ ಕಳಿಸಿದೆ. “ಒಡಹುಟ್ಟಿದೋರು ಮಾಡಲ್ಲ ಕಣ್ರೀ ಇಂಗೆ,” ಅಂತ ಊರು ಹೊಗಳಿತು. ಪುಟ್ಟತಾಯಿ ಒಂದು ದಿನ ನನ್ನ ಕೈ ಹಿಡಿದುಕೊಂಡು, “ನೀನಿಲ್ದೆ ಓಗಿದ್ರೆ ನಾ ಏನಾಗ್ತಿದ್ನೋ,” ಅಂದಳು. ಆ ಕೈಯನ್ನು ನಾನು ಬಿಡಿಸಿಕೊಳ್ಳಲಿಲ್ಲ.

ಅವಳು ಆಮೇಲೆ ಹಾಡಲಿಲ್ಲ. ಮದುವೆಯಲ್ಲಿ ಸರಿಯೇ ಸರಿ, ಹೊಗೆಸೊಪ್ಪಿನ ಶೆಡ್ಡಿನಲ್ಲೂ ಬಾಯಿ ಬಿಡಲಿಲ್ಲ. ನಾನು ಸೊಲ್ಲು ಎತ್ತಿದರೆ ತಲೆ ತಗ್ಗಿಸಿ ಕಡ್ಡಿ ಕಟ್ಟುತ್ತಿದ್ದಳು. ನಾನು ಬೇರೆ ಬೇರೆ ಜೊತೆ ಕಟ್ಟಿಕೊಂಡೆ, ಊರೂರು ಹಾಡಿದೆ. ಒಳ್ಳೆಯ ದನಿಗಳೇ. ಮೂರನೆಯ ದನಿ ಮಾತ್ರ ಬರಲಿಲ್ಲ. ಹಾಡುವಾಗೆಲ್ಲ ಕಿವಿ ಮೇಲಕ್ಕೆ ಕೊಟ್ಟು ಕಾಯುತ್ತಿದ್ದೆ.

ಮಂಜುಳನ ಮದುವೆ ಗೊತ್ತಾಯಿತು. ಪಿರಿಯಾಪಟ್ಟಣದ ಕಡೆಯ ಗಂಡು. ಮನೆಯ ಮುಂದೆಯೇ ಚಪ್ಪರ. ಅಪ್ಪ ಇಲ್ಲದ ಮಗಳನ್ನು ಧಾರೆ ಎರೆದು ಕೊಡಬೇಕಾದದ್ದು ಚಿಕ್ಕಪ್ಪ, ಚಿಕ್ಕಮ್ಮ. ಅದು ಸಿದ್ದರಾಜುವಿನ ಹಕ್ಕು. ಪುಟ್ಟತಾಯಿ ಒಪ್ಪಲಿಲ್ಲ. ವೀರನಹೊಸಹಳ್ಳಿಯಿಂದ ತನ್ನ ಅಣ್ಣನನ್ನೂ ಅತ್ತಿಗೆಯನ್ನೂ ಕರೆಸಿದಳು. “ಅವರಪ್ಪ ಸಾಯೋವಾಗ ಬಂದು ಏಳಕ್ಕಾಗ್ದೋನು ಮಗಳ್ನ ಏನ್ ಕೊಡ್ತಾನೆ?” ಅಂದಳಂತೆ. ಆದರೂ ಸಿದ್ದರಾಜು ಬಂದಿದ್ದ. ಚಪ್ಪರದ ಒಳಗೆ ಅಲ್ಲ. ಹೊರಗೆ, ಅಡುಗೆಯ ಒಲೆಯ ಹತ್ತಿರ, ಸೌದೆ ಒಡೆದುಕೊಡುತ್ತ ನಿಂತಿದ್ದ. ಅಣ್ಣನ ಮಗಳ ಮದುವೆಗೆ ಹೊಸ ಬಿಳಿ ಅಂಗಿ ಹಾಕಿದ್ದ. ಅದರ ಮೇಲೆಲ್ಲ ಸೌದೆಯ ಚಕ್ಕೆ.

ನೋಡಿದೆ. ನೋಡಿಯೂ ಹೋಗಿ ಹಸೆಯ ಪಕ್ಕದಲ್ಲಿ ಕೂತೆ. ಅದನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದಿಲ್ಲ.

ಹಸೆಗೆ ಕರೆಯುವ ಪದ ಎತ್ತಿದೆ. ನನಗೆ ಜೊತೆಯಾಗಿದ್ದವಳು ನನ್ನ ಸೊಸೆ, ಇನ್ನೂ ಹೊಸಬಳು. ಪುಟ್ಟತಾಯಿ ಒಳಗೆ, ಅಡುಗೆಕೋಣೆಯಲ್ಲಿ ಇದ್ದಳು. ತನ್ನ ಮಗಳ ಮದುವೆಯಾದರೂ ಮುಂದೆ ಬರುವಂತಿರಲಿಲ್ಲ. ಮಂಜುಳನನ್ನು ಹೊಸ್ತಿಲು ದಾಟಿಸಿ ಕರೆತರುತ್ತಿದ್ದರು. ನಾನು ಸೊಲ್ಲು ಎತ್ತಿ ಬಿಟ್ಟೆ. ಸೊಸೆ ಎತ್ತಿಕೊಳ್ಳಲು ಬಾಯಿ ತೆರೆದವಳು ಕೆಮ್ಮಿದಳು. ಒಲೆಯ ಹೊಗೆ ಗಂಟಲಿಗೆ ಹೋಗಿತ್ತು. ನನ್ನ ಉಸಿರು ಇಳಿಯುತ್ತಿದೆ, ಇನ್ನೊಂದು ಚೂರು, ಸೊಲ್ಲು ಬಿತ್ತು ಬಿತ್ತು ಅನ್ನುವಾಗ —

ಅಡುಗೆಕೋಣೆಯ ಬಾಗಿಲ ಹಿಂದಿನಿಂದ ಅದು ಎದ್ದಿತು.

ಮಗಳ ಸೊಲ್ಲು ನೆಲಕ್ಕೆ ಬೀಳಬಾರದು ಅಂತ ತಾಯಿ ಎತ್ತಿಕೊಂಡಳು. ಇಷ್ಟು ವರ್ಷ ಮುಚ್ಚಿದ್ದ ಗಂಟಲು, ಮೊದಲು ಗೊಗ್ಗರು, ಆಮೇಲೆ ಒಂದು ಉಸಿರಿನಲ್ಲೇ ತಿಳಿಯಾಯಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಬೇಡ ಅನ್ನಲಿಲ್ಲ. ಹೇಗೆ ಅಂದಾರು? ನಾನು ಮುಂದಿನ ಸೊಲ್ಲು ಎತ್ತಿದೆ, ಅವಳು ಎತ್ತಿಕೊಂಡಳು. ಮತ್ತೆ ಎತ್ತಿದೆ. ಬಂತು — ನನ್ನವ್ವ, ಬಂತು ಮೂರನೆಯ ದನಿ! ಚಪ್ಪರದ ತೆಂಗಿನ ಗರಿಯ ಕೆಳಗೆ, ನಮ್ಮಿಬ್ಬರ ಮಧ್ಯೆ ಒಂದು ಗೋಡೆ ಇದ್ದೂ ಬಂತು. ಇನ್ನು ಇದು ನಿಲ್ಲದಿರಲಿ ಅಂದುಕೊಂಡೆ. ಈ ಪದ ಮುಗಿದರೆ ಇನ್ನೊಂದು, ಅದು ಮುಗಿದರೆ ಧಾರೆಯದ್ದು, ಇದೊಂದು ಆಗಲಿ, ಇದೊಂದು —

ಆ ಮಾತು ನನಗೆ ಗುರುತು ಸಿಕ್ಕಿತು. ಕಟ್ಟೆಮಳಲವಾಡಿಯ ಹಿತ್ತಿಲ ಬಾಗಿಲಿನಲ್ಲಿ ನಾನು ಅಂದುಕೊಂಡ ಮಾತೇ ಅದು. ಅದೇ ಹಸಿವು. ಚೂರೂ ಮುದಿಯಾಗಿರಲಿಲ್ಲ. ಚಪ್ಪರದಾಚೆ ಸಿದ್ದರಾಜು ಕೊಡಲಿ ಕೆಳಗಿಟ್ಟು, ಅತ್ತಿಗೆಯ ದನಿ ಕೇಳುತ್ತ ನಿಂತಿದ್ದ. ಪದ ಮುಗಿಯುವವರೆಗೆ ಕಾದರೆ ಮುಹೂರ್ತ ಬರುತ್ತದೆ, ಧಾರೆ ಆಗಿಹೋಗುತ್ತದೆ. ಅವಳ ಸೊಲ್ಲು ಮುಗಿಯುತ್ತ ಬಂತು. ಎತ್ತಿಕೊಳ್ಳುವ ಸರದಿ ನನ್ನದು.

ಎತ್ತಿಕೊಳ್ಳಲಿಲ್ಲ. ಎದ್ದೆ.

ಸೊಲ್ಲು ನೆಲಕ್ಕೆ ಬಿತ್ತು. ಚಪ್ಪರಕ್ಕೆ ಚಪ್ಪರವೇ ಉಸಿರು ಹಿಡಿಯಿತು. “ಅಯ್ಯೋ, ಏನಾಯ್ತೇ ಕೆಂಪಮ್ಮ?” ಅಂತ ಯಾರೋ ಕೂಗಿದರು. ಮಂಜುಳ ಅರಿಶಿನದ ಮುಖದಲ್ಲಿ ಗಾಬರಿಯಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಅಡುಗೆಕೋಣೆಗೆ ಹೋದೆ. ಪುಟ್ಟತಾಯಿ ಬಾಗಿಲ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವಳ ಕಣ್ಣಲ್ಲಿ ಭಯ.

“ಯಾಕಕ್ಕ ಬುಟ್ಬುಟ್ಟೆ? ನನ್ ಮಗಳ ಪದ ಕಣಕ್ಕ!”

“ಪುಟ್ಟಿ, ಸಿದ್ದರಾಜ ಅವತ್ತು ಬೆಳಿಗ್ಗೇನೆ ಬಂದಿದ್ದ. ಅರಿಶಿಣ ಅಚ್ಚೋ ಒತ್ನಲ್ಲಿ. ನಂಗೇಳಿ ಓಗಿದ್ದ. ನಾನೇ ನಿಂಗೇಳ್ನಿಲ್ಲ. ನೀ ಎದ್ದೋದ್ರೆ ಪದ ಓಯ್ತದೆ ಅಂತ ಏಳ್ನಿಲ್ಲ. ಆಸ್ಪತ್ರೇಲಿ ನಾ ಆಡಿದ್ದು ಸುಳ್ಳು.”

ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಅವಳು ಕೂಗಾಡಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಹೊಡೆಯಬಾರದೇ ಅನ್ನಿಸಿತು ನನಗೆ. ಒಂದೇ ಒಂದು ಕೇಳಿದಳು.

“ಏನಂತ ಏಳಿದ್ದ ಅವ್ನು?”

ಅದನ್ನೂ ನಾನು ಇಷ್ಟು ವರ್ಷ ಅವಳಿಗೆ ಕೊಟ್ಟಿರಲಿಲ್ಲ. ಅವಳ ಗಂಡನ ಕೊನೆಯ ಸುದ್ದಿ, ನನ್ನ ಹೊಟ್ಟೆಯೊಳಗೇ ಇತ್ತು. “ಅಣ್ಣ ಕಣ್ಣು ಬಾಕ್ಲ ಕಡೇಗೇ ಮಡಿಕಂಡವ್ನೆ ಅಂದಿದ್ದ,” ಅಂದೆ.

ಪುಟ್ಟತಾಯಿ ಕಣ್ಣು ಮುಚ್ಚಿದಳು. ಮತ್ತೆ ತೆರೆದಾಗ ಅವು ನನ್ನನ್ನು ನೋಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಹೊಸ್ತಿಲು ದಾಟಿ, ಮುತ್ತೈದೆಯರ ನಡುವೆಯೇ ಚಪ್ಪರ ಹಾಯ್ದು, ಸೀದಾ ಒಲೆಯ ಹತ್ತಿರ ಹೋದಳು. ಯಾರೂ ತಡೆಯಲಿಲ್ಲ.

“ಸಿದ್ದ, ಎಲ್ಲವ್ಳೆ ನಿನ್ ಎಂಡ್ತಿ? ಕರ್ಕಬಾ. ನಿಮ್ಮಣ್ಣನ ಮಗಳು ಕಣಪ್ಪ. ಧಾರೆ ನೀನೇ ಎರಿ.”

ಅವನು ಅಂಗಿಯ ಮೇಲಿನ ಸೌದೆ ಚಕ್ಕೆಯನ್ನು ಕೊಡವುತ್ತಲೇ ಇದ್ದ, ಕೊಡವುತ್ತಲೇ ಇದ್ದ. “ಅತ್ಗೆ, ನಾ ಅವತ್ತು —” ಅಂದ. “ಗೊತ್ತಾಯ್ತು. ನಡಿ,” ಅಂದಳು. ಅವನು ಅವಳ ಭುಜದ ಮೇಲಿಂದ ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ಸಾಕಾಗಿಹೋದವನ ನೋಟ ಅದು.

ವಾಪಸು ಒಳಗೆ ಹೋಗುವಾಗ ಪುಟ್ಟತಾಯಿ ನನ್ನ ಪಕ್ಕದಲ್ಲೇ ಹಾದಳು. ನಿಂತಳು. ಮುಖ ಬಾಗಿಲ ಕಡೆಗೇ ಇಟ್ಟುಕೊಂಡು ಹೇಳಿದಳು.

“ಪದ ನಿಂತೋಗದೆ. ಓಗು, ಎತ್ತು.”

“ನೀನು?”

“ಒಬ್ಳೇ ಎತ್ತು.”

ಹೋಗಿ ಕೂತೆ. ನನ್ನ ಸೊಸೆ ಎತ್ತಿಕೊಳ್ಳಲು ಮುಂದೆ ಬಂದಳು. ಬೇಡ ಅಂತ ಕೈ ಸನ್ನೆ ಮಾಡಿದೆ. ಸೊಲ್ಲು ಎತ್ತಿದೆ. ಮುಗಿದಾಗ ನಿಲ್ಲಿಸಿದೆ. ಅವಳ ಸಾಲು ಎಷ್ಟು ಉದ್ದವೋ ಅಷ್ಟು ಹೊತ್ತು ಸುಮ್ಮನಿದ್ದೆ. ಅಡುಗೆಕೋಣೆಯಿಂದ ಏನೂ ಬರಲಿಲ್ಲ. ಮುಂದಿನದನ್ನು ಎತ್ತಿದೆ. ಸಿದ್ದರಾಜು, ಅವನ ಹೆಂಡತಿ ಧಾರೆ ಎರೆದರು.

ಮಂಜುಳ ಚೆನ್ನಾಗಿದ್ದಾಳೆ. ಒಂದು ಗಂಡು ಮಗು. ಪುಟ್ಟತಾಯಿ ಈಗ ಸಿದ್ದರಾಜುವಿನ ಮನೆಯಲ್ಲೇ ಉಣ್ಣುತ್ತಾಳಂತೆ. ನನ್ನ ಜೊತೆ ಮಾತಿಲ್ಲ. ನಾನೂ ಕೇಳಿಕೊಂಡು ಹೋಗಿಲ್ಲ. ಕ್ಷಮಿಸು ಅನ್ನುವುದು ಕೂಡ ಅವಳಿಂದ ಇನ್ನೊಂದು ಸೊಲ್ಲು ಕೇಳಿದ ಹಾಗೆ. ಅವಳಿಂದ ಪಡೆಯಬೇಕಾದ್ದಕ್ಕಿಂತ ಹೆಚ್ಚು ಪಡೆದಾಗಿದೆ.

ಈಗಲೂ ಮದುವೆಗಳಿಗೆ ಕರೆಯುತ್ತಾರೆ, ಹೋಗುತ್ತೇನೆ. ಬೇರೆ ಪದಗಳಿಗೆ ಜೊತೆ ಕೂರಿಸಿಕೊಳ್ಳುತ್ತೇನೆ. ಹೆಣ್ಣೊಪ್ಪಿಸುವ ಪದಕ್ಕೆ ಮಾತ್ರ ಯಾರನ್ನೂ ಕೂರಿಸುವುದಿಲ್ಲ. ಜಗಲೀಲಿ ಆಡಿದೋಳ, ಜಡೆ ಹಾಕಿ ಬೆಳೆಸಿದೋಳ — ಅಷ್ಟು ಹಾಡಿ ನಿಲ್ಲದೆ ಮುಂದೆ ಹೋಗಲು ನನಗೆ ಹಕ್ಕಿಲ್ಲ, ನಿಲ್ಲುತ್ತೇನೆ. ಜನ ಕಾಯುತ್ತಾರೆ. ಕೆಲವರು, ಮುದುಕಿಗೆ ಪದ ಮರೆತಿದೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಎರಡನೆಯ ಸಾಲು ನನ್ನದಲ್ಲ.